ವಾರ್ಡ್ ಸಭೆಯಲ್ಲಿ ಕೇಳಿದ ಚರಂಡಿ ಎಲ್ಲಿ ಕಳೆದುಹೋಗುತ್ತದೆ?

ಮಂಡ್ಯ ಸೀಮೆಯ ಯಾವ ಊರಿಗೆ ಹೋದರೂ ಈ ಮಾತುಕತೆ ಕಿವಿಗೆ ಬೀಳುತ್ತದೆ. "ಅಣ್ಣ, ನಮ್ ಬೀದಿಗೊಂದು ಚರಂಡಿ ಹಾಕ್ಸ್ಕೊಡಿ." "ಬರ್ಕೊಂಡಿವ್ನಿ ಬುಡಪ್ಪ, ಮುಂದಿನ್ ಸಲ ಹಾಕ್ಸನ." ಮೆಂಬರ್ ಸುಳ್ಳು ಹೇಳಿದ್ದಾರೆ ಎಂದುಕೊಳ್ಳಬೇಕಿಲ್ಲ, ನಿಜವಾಗಿಯೂ ಚೀಟಿಯಲ್ಲಿ ಬರೆದುಕೊಂಡಿರಬಹುದು. ಆದರೆ ಪಂಚಾಯಿತಿಯ ಹಣ ಬಿಡುಗಡೆಯಾಗುವುದು ಜೇಬಿನ ಚೀಟಿ ನೋಡಿಕೊಂಡಲ್ಲ, ಸಭೆಯ ತೀರ್ಮಾನಗಳನ್ನು ಬರೆಯುವ ನಡಾವಳಿ ಪುಸ್ತಕ ನೋಡಿಕೊಂಡು. ಅದರಲ್ಲಿ ಇಲ್ಲದ ಚರಂಡಿ ಎಷ್ಟು ವರ್ಷ ಕೇಳಿದರೂ ಬಾಯಿಮಾತಾಗಿಯೇ ಉಳಿಯುತ್ತದೆ.

ಹಾಗಾಗಿ ಒಂದೇ ಒಂದು ಚರಂಡಿಯನ್ನು ಹಿಡಿದುಕೊಂಡು, ಅದು ಬೇಡಿಕೆಯಿಂದ ಬಿಲ್ಲಿನವರೆಗೆ ಹೋಗುವ ದಾರಿಯನ್ನು ನೋಡೋಣ. ರಸ್ತೆ, ಬೀದಿದೀಪ, ನೀರಿನ ಪೈಪ್‌ಲೈನ್ ಎಲ್ಲದಕ್ಕೂ ಹೆಚ್ಚುಕಡಿಮೆ ಇದೇ ದಾರಿ. ವಾರ್ಡ್ ಸಭೆಯಲ್ಲಿ ಬೇಡಿಕೆ ಬರುತ್ತದೆ, ಗ್ರಾಮಸಭೆಯಲ್ಲಿ ಆದ್ಯತೆ ನಿಗದಿಯಾಗುತ್ತದೆ. ಪಂಚಾಯಿತಿಯ ಸಾಮಾನ್ಯ ಸಭೆ ಅದನ್ನು ಕ್ರಿಯಾ ಯೋಜನೆಗೆ ಸೇರಿಸುತ್ತದೆ. ಆಮೇಲೆ ಇಂಜಿನಿಯರ್ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕ, ಬಿಲ್ಲು. ಈ ಸಾಲಿನಲ್ಲಿ ಚರಂಡಿ ಬಿದ್ದುಹೋಗುವ ಜಾಗಗಳು ಮುಖ್ಯವಾಗಿ ಮೂರು: ನಡಾವಳಿ, ಹಣದ ತಲೆಬರಹ (ಯಾವ ಕೆಲಸಕ್ಕೆಂದು ಬಂದ ಹಣ ಎಂಬುದು), ಜಾಗ. ಗುತ್ತಿಗೆದಾರರ ಬಗ್ಗೆ ನಾವು ಅರಳಿಕಟ್ಟೆಯಲ್ಲಿ ಎಷ್ಟು ಮಾತಾಡಿದರೂ, ಬಹಳಷ್ಟು ಕೆಲಸಗಳು ಗುತ್ತಿಗೆದಾರರವರೆಗೆ ಹೋಗುವುದೇ ಇಲ್ಲ.

ನಡಾವಳಿಯಲ್ಲಿ ಏನು ಬರೆಸಬೇಕು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ವಾರ್ಡ್ ಸಭೆಯನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ಕರೆಯಬೇಕು. ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು, ಯಾರೂ ಮನೆಗೆ ಬಂದು ಕುಂಕುಮ ಇಟ್ಟು ಕರೆಯಬೇಕಾಗಿಲ್ಲ. ಕೋರಂ ದೊಡ್ಡದೇನಲ್ಲ: ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು. ವಾರ್ಡಿನಲ್ಲಿ 900 ಮತದಾರರಿದ್ದರೆ 90 ಜನ ಸೇರಲೇಬೇಕೆಂದಿಲ್ಲ, 20 ಜನ ಸಾಕು. ಅವರಲ್ಲಿ ಹೆಂಗಸರ ಪಾಲು ಶೇ. 30ಕ್ಕೆ ಕಡಿಮೆ ಇರಬಾರದು ಎನ್ನುತ್ತದೆ ಕಾಯ್ದೆ. ಒಂದು ಬೀದಿಯ ಹತ್ತು ಮನೆಯವರು ಮನಸ್ಸು ಮಾಡಿದರೆ ವಾರ್ಡ್ ಸಭೆಯೇ ಅವರದಾಗುತ್ತದೆ. ಹಳ್ಳಿ ರಾಜಕೀಯದಲ್ಲಿ ಇಷ್ಟು ಅಗ್ಗವಾಗಿ ಸಿಗುವ ಅಧಿಕಾರ ಇನ್ನೊಂದಿಲ್ಲ, ಇಷ್ಟು ಕಡಿಮೆ ಬಳಕೆಯಾಗುವುದೂ ಇನ್ನೊಂದಿಲ್ಲ.

ಸಭೆಯ ಸುದ್ದಿ ಬರುವುದು ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ, ತಮಟೆ ಸಾರಿಸುವುದರಲ್ಲಿ, ಈಗೀಗ ಕಸದ ಗಾಡಿಯ ಮೈಕಿನಲ್ಲಿ ಮತ್ತು ವಾಟ್ಸಾಪ್ ಗುಂಪುಗಳಲ್ಲಿ. ಮುಂದಿನ ವರ್ಷದ ಯೋಜನೆಗಾಗಿ ನಡೆಯುವ ಸಭೆಗಳು ಸಾಮಾನ್ಯವಾಗಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಶುರುವಾಗಿ ವರ್ಷದ ಕೊನೆಯವರೆಗೆ ಸಾಗುತ್ತವೆ. "ನಮ್ಮ ಗ್ರಾಮ ನಮ್ಮ ಯೋಜನೆ" ಎಂದು ಬ್ಯಾನರಿನಲ್ಲಿ ಕಾಣುವುದು ಇದೇ. ಫೆಬ್ರವರಿ-ಮಾರ್ಚಿನಲ್ಲಿ ಪಂಚಾಯಿತಿಯ ಬಜೆಟ್ ಆಗಿಬಿಡುತ್ತದೆ. ಯುಗಾದಿ ಮುಗಿಸಿಕೊಂಡು ಹೋಗಿ ಚರಂಡಿ ಕೇಳಿದರೆ ಆ ವರ್ಷದ ಪಟ್ಟಿ ಮುಚ್ಚಿರುತ್ತದೆ.

ಇನ್ನು ಏನು ಬರೆಸಬೇಕು ಎಂಬ ವಿಷಯ. ಸಾಮಾನ್ಯವಾಗಿ ನಡಾವಳಿಯಲ್ಲಿ ಕಾಣುವ ಸಾಲು ಹೀಗಿರುತ್ತದೆ: "ಗ್ರಾಮದಲ್ಲಿ ಚರಂಡಿ ಅಭಿವೃದ್ಧಿಪಡಿಸುವಂತೆ ಸಾರ್ವಜನಿಕರು ಕೋರಿದರು. ಪರಿಶೀಲಿಸಲು ತೀರ್ಮಾನಿಸಲಾಯಿತು." ಈ ಸಾಲಿಗೆ ಯಾವ ಬೆಲೆಯೂ ಇಲ್ಲ. ಯಾವ ಚರಂಡಿ, ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ ಎನ್ನುವುದಿಲ್ಲದ ಮೇಲೆ ಇಂಜಿನಿಯರ್ ಅಂದಾಜು ಮಾಡುವುದು ಯಾವುದಕ್ಕೆ? ಊರಿನ ಯಾವ ಮೂಲೆಯಲ್ಲಿ ಚರಂಡಿ ಮಾಡಿದರೂ ಈ ತೀರ್ಮಾನ ಪಾಲಿಸಿದಂತೆಯೇ ಆಗುತ್ತದೆ. ಅದರ ಬದಲು ಹೀಗೆ ಬರೆಸಿ:

"3ನೇ ವಾರ್ಡ್, ಹಾಲಿನ ಡೇರಿಯ ಮುಂಭಾಗದಿಂದ ಮಾರಮ್ಮನ ಗುಡಿಯ ಹಿಂದಿನ ಹಳ್ಳದವರೆಗೆ, ರಸ್ತೆಯ ಬಲಬದಿ, ಅಂದಾಜು 100 ಮೀಟರ್ ಬಚ್ಚಲು ನೀರಿನ ಕಾಂಕ್ರೀಟ್ ಚರಂಡಿ. ಪ್ರಯೋಜನ ಪಡೆಯುವ ಮನೆಗಳು 22. ವಾರ್ಡಿನ ಮೊದಲನೇ ಆದ್ಯತೆ ಎಂದು ತೀರ್ಮಾನಿಸಲಾಯಿತು."

ಮೊದಲು, ಕೊನೆ, ಬದಿ, ಉದ್ದ, ಮನೆ, ಆದ್ಯತೆ. ಆರೂ ಇದ್ದರೆ ಈ ಕೆಲಸವನ್ನು ಬೇರೆ ಬೀದಿಗೆ ತಿರುಗಿಸಲು ಮತ್ತೊಂದು ತೀರ್ಮಾನ ಬೇಕಾಗುತ್ತದೆ, ಆ ತೀರ್ಮಾನಕ್ಕೆ ಕಾರಣ ಬರೆಯಬೇಕಾಗುತ್ತದೆ. "ಬಚ್ಚಲು ನೀರಿನ" ಎಂಬ ಪದವನ್ನು ಸುಮ್ಮನೆ ಸೇರಿಸಿಲ್ಲ, ಅದರ ಲೆಕ್ಕ ಮುಂದೆ ಹಣದ ಮಾತಿನಲ್ಲಿ ಬರುತ್ತದೆ. ಉದ್ದ ಅಳೆಯಲು ಟೇಪು ಇಲ್ಲದಿದ್ದರೆ ಹೆಜ್ಜೆ ಹಾಕಿದರೂ ಸಾಕು, ನಿಖರ ಅಳತೆ ಇಂಜಿನಿಯರಿಗೆ ಬಿಡಿ.

ಸಭೆ ಮುಗಿಯುವ ಮೊದಲೇ ಆ ಸಾಲನ್ನು ಗಟ್ಟಿಯಾಗಿ ಓದಿಸಿ, ಅದರ ಕೆಳಗೆ ಸಹಿ ಹಾಕಿ, ಪುಟದ ಫೋಟೊ ತೆಗೆದುಕೊಳ್ಳಿ. ಕೆಲವು ಕಡೆ ಹಾಜರಾತಿ ಪುಸ್ತಕವನ್ನು ಮನೆಮನೆಗೆ ತಂದು ಸಹಿ ಹಾಕಿಸಿಕೊಳ್ಳುವ ರೂಢಿ ಇದೆ. ನಡಾವಳಿ ಬರೆಯುವುದು ಆಮೇಲೆ. ದಾಕ್ಷಿಣ್ಯಕ್ಕೆ ಹಾಕಿದ ಆ ಸಹಿಯೇ, ನೀವು ಒಪ್ಪದ ಪಟ್ಟಿಗೆ ನಿಮ್ಮ ಒಪ್ಪಿಗೆಯಾಗಿ ಕಡತದಲ್ಲಿ ಕೂತಿರುತ್ತದೆ. ಮೇಲೆ ವಿಷಯ ಬರೆಯದ ಪುಟಕ್ಕೆ ಸಹಿ ಹಾಕಬೇಡಿ, ಪುಸ್ತಕ ತಂದವರು ಸ್ವಂತ ಭಾವಮೈದುನನೇ ಆಗಿದ್ದರೂ.

ಗ್ರಾಮಸಭೆಯ ಕೋರಂ ಇದಕ್ಕಿಂತ ದೊಡ್ಡದು: ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಪ್ರತಿ ವಾರ್ಡಿನಿಂದ ಕನಿಷ್ಠ 10 ಜನ ಇರಬೇಕು. ಅಧ್ಯಕ್ಷರು ನಡೆಸುತ್ತಾರೆ, ಬೇರೆ ಇಲಾಖೆಯ ಅಧಿಕಾರಿಯೊಬ್ಬರು ನೋಡಲ್ ಅಧಿಕಾರಿಯಾಗಿ ಬಂದಿರುತ್ತಾರೆ. ಅಲ್ಲಿ ನಡೆಯುವುದು ನಿಮಗೆ ಗೊತ್ತೇ ಇದೆ. ಮನೆ ಮಂಜೂರಾತಿಯ ಪಟ್ಟಿ ಓದುವವರೆಗೆ ಜನ ನಿಂತಿರುತ್ತಾರೆ, ಹೆಸರು ಬಂದವರು ಒಂದು ಕಡೆ, ಬಾರದವರು ಒಂದು ಕಡೆ ಗಲಾಟೆ ಮಾಡಿಕೊಂಡು ಹೊರಟುಬಿಡುತ್ತಾರೆ. ಕಾಮಗಾರಿ ಪಟ್ಟಿ ಓದುವುದು ಆಮೇಲೆ, ಖಾಲಿ ಕುರ್ಚಿಗಳಿಗೆ. ವಾರ್ಡಿನಲ್ಲಿ ಮೊದಲನೇ ಆದ್ಯತೆಯಾಗಿದ್ದದ್ದು ಅಲ್ಲಿ ಒಂಬತ್ತನೆಯದಾಗುವುದು ಈ ಹೊತ್ತಿನಲ್ಲೇ. ಬೀದಿಯಿಂದ ಇಬ್ಬರಾದರೂ ಕೊನೆಯವರೆಗೆ ಕೂತಿರಲಿ, ಕೈಯಲ್ಲಿ ವಾರ್ಡ್ ಸಭೆಯ ಪುಟದ ಫೋಟೊ ಇರಲಿ. ಚುನಾಯಿತ ಅವಧಿ ಮುಗಿದು ಆಡಳಿತಾಧಿಕಾರಿ ಕೂತಿರುವ ಕಾಲದಲ್ಲಿ ಮೆಂಬರ್ ಇಲ್ಲವೆಂದು ಸುಮ್ಮನಾಗಬೇಡಿ. ಬೇಡಿಕೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪಂಚಾಯಿತಿಯಲ್ಲಿ ದುಡ್ಡಿದೆ, ಆದರೆ ಈ ಕೆಲಸಕ್ಕಿಲ್ಲ

ಜನರಿಗೆ ಅರ್ಥವಾಗದೆ ಸಿಟ್ಟು ಬರಿಸುವ ಮಾತು ಇದು. "ಅಕೌಂಟಲ್ಲಿ ಲಕ್ಷಗಟ್ಟಲೆ ಬಿದ್ದೈತೆ, ನಮ್ ಚರಂಡಿಗೆ ದುಡ್ಡಿಲ್ವಂತೆ." ಎರಡೂ ನಿಜವಾಗಿರಬಹುದು. ಪಂಚಾಯಿತಿಗೆ ಬರುವ ಹಣ ಒಂದೇ ಗಂಟಲ್ಲ.

15ನೇ ಹಣಕಾಸು ಆಯೋಗದ ಅನುದಾನವನ್ನೇ ತೆಗೆದುಕೊಳ್ಳಿ. 2021-22ರಿಂದ 2025-26ರವರೆಗೆ ಹಳ್ಳಿಗಳಲ್ಲಿ ಬಹಳಷ್ಟು ಕಾಮಗಾರಿ ನಡೆದದ್ದು ಇದರಲ್ಲಿ. ಇದರ ಶೇ. 60 ನಿರ್ಬಂಧಿತ, ಶೇ. 40 ಅನಿರ್ಬಂಧಿತವಾಗಿತ್ತು. ಕಚೇರಿಯಲ್ಲಿ ಟೈಡ್, ಅನ್‌ಟೈಡ್ ಎನ್ನುತ್ತಾರೆ. ನಿರ್ಬಂಧಿತದಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯಕ್ಕೆ. ಲೆಕ್ಕಕ್ಕೆಂದು ಒಂದು ಪಂಚಾಯಿತಿಗೆ ವರ್ಷಕ್ಕೆ 40 ಲಕ್ಷ ಬಂತು ಎಂದಿಟ್ಟುಕೊಳ್ಳಿ. 12 ಲಕ್ಷ ನೀರಿಗೆ, 12 ಲಕ್ಷ ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು. ರಸ್ತೆ, ಬೀದಿದೀಪ, ಸ್ಮಶಾನದ ಕಾಂಪೌಂಡು ಮುಂತಾದ ಉಳಿದ ಎಲ್ಲದಕ್ಕೂ ಇರುವುದು 16 ಲಕ್ಷ. ಅದನ್ನೇ ಪಂಚಾಯಿತಿಯ ಹಳ್ಳಿಗಳಿಗೆಲ್ಲ ಹಂಚಬೇಕು. ಈ 16 ಲಕ್ಷಕ್ಕೆ ಎಲ್ಲರೂ ಕಿತ್ತಾಡುವಾಗ ಪಕ್ಕದ 12 ಲಕ್ಷ ಖರ್ಚಾಗದೆ ಕೂತಿರುವುದುಂಟು.

"ಬಚ್ಚಲು ನೀರಿನ ಚರಂಡಿ" ಎಂದು ಬರೆಸಿದ್ದರ ಕಾರಣ ಈಗ ಕಾಣುತ್ತದೆ. ಮನೆಗಳ ಬಚ್ಚಲು, ಅಡುಗೆಮನೆ ನೀರನ್ನು ಸಾಗಿಸಿ ವಿಲೇವಾರಿ ಮಾಡುವ ಕೆಲಸವನ್ನು ದ್ರವತ್ಯಾಜ್ಯ ನಿರ್ವಹಣೆಯೆಂದು ನೈರ್ಮಲ್ಯದ ಭಾಗದಲ್ಲಿ ಕೇಳಬಹುದು. ಬರೀ "ರಸ್ತೆ ಬದಿ ಚರಂಡಿ" ಎಂದರೆ ಅದು ಮಳೆನೀರಿನ ಲೆಕ್ಕಕ್ಕೆ ಹೋಗಿ ಅನ್‌ಟೈಡ್ ಸರದಿಯಲ್ಲಿ ನಿಲ್ಲುತ್ತದೆ. ಹಾಗಂತ ಪದದಾಟದಿಂದ ಕೆಲಸವಾಗುವುದಿಲ್ಲ, ನೀರು ಕೊನೆಗೆ ಎಲ್ಲಿ ಸೇರುತ್ತದೆ, ಅಲ್ಲಿ ಏನು ವ್ಯವಸ್ಥೆ ಎಂಬುದೂ ಯೋಜನೆಯಲ್ಲಿ ಇರಬೇಕು. 2026-27ರಿಂದ 16ನೇ ಹಣಕಾಸು ಆಯೋಗದ ಅವಧಿ. ಹಳೆಯ ಶೇಕಡಾವಾರನ್ನೇ ಹಿಡಿದು ವಾದ ಮಾಡುವ ಬದಲು ಆ ವರ್ಷದ ಮಾರ್ಗಸೂಚಿಯ ಸುತ್ತೋಲೆಯನ್ನು ಪಿಡಿಒ ಹತ್ತಿರ ಕೇಳಿ ನೋಡಿ.

ಇನ್ನೊಂದು ಗಂಟು ಪಂಚಾಯಿತಿಯ ಸ್ವಂತ ಸಂಪನ್ಮೂಲ: ಮನೆ ಕಂದಾಯ, ನೀರಿನ ಕರ, ಅಂಗಡಿ ಲೈಸೆನ್ಸು, ಸಂತೆ ಸುಂಕ, ಮಳಿಗೆ ಬಾಡಿಗೆ. ಇದರಲ್ಲಿ ಶೇ. 5 ವಿಕಲಚೇತನರಿಗೆ, ಮತ್ತೊಂದು ಪಾಲು ಪರಿಶಿಷ್ಟ ಜಾತಿ-ಪಂಗಡಗಳಿಗೆ ಮೀಸಲು. ಮಿಕ್ಕಿದ್ದರಲ್ಲಿ ಪಂಚಾಯಿತಿಗೆ ಸ್ವಾತಂತ್ರ್ಯ ಹೆಚ್ಚು, ಆದರೆ ಕಂದಾಯ ವಸೂಲಿ ಕಡಿಮೆ ಇರುವ ಕಡೆ ಇದು ವಾಟರ್‌ಮನ್ ಸಂಬಳ, ಮೋಟರ್ ರಿಪೇರಿಗೇ ಮುಗಿಯುತ್ತದೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರ ನಿಧಿ 5 ಕೋಟಿ. ಅವು ಇಡೀ ಕ್ಷೇತ್ರಕ್ಕೆ, ಮತ್ತು ಅವುಗಳ ದಾರಿ ಪಂಚಾಯಿತಿಯದಲ್ಲ. 100 ಮೀಟರ್ ಚರಂಡಿಗೆ ಶಾಸಕರ ಮನೆ ಬಾಗಿಲು ಕಾಯುವುದಕ್ಕಿಂತ ವಾರ್ಡ್ ಸಭೆಯ ಸಂಜೆ ಒಂದು ಗಂಟೆ ಕೂರುವುದು ವಾಸಿ.

ಜಾಗ ಯಾರದು, ನೀರು ಎಲ್ಲಿಗೆ

ಕಾವೇರಿ ಅಚ್ಚುಕಟ್ಟಿನ ಊರುಗಳಲ್ಲಿ ಇದು ಬೇರೆ ಸೀಮೆಗಿಂತ ಹೆಚ್ಚು ತೊಡಕು. ಬೀದಿ ಒಂದೇ ಕಾಣುತ್ತದೆ, ಒಡೆಯರು ಬೇರೆ ಬೇರೆ. ಗ್ರಾಮಠಾಣಾ (ಊರಿನ ಮನೆಗಳಿರುವ ಜಾಗ) ಒಳಗಿನ ಬೀದಿ ಪಂಚಾಯಿತಿಯದು. ಊರ ಮಧ್ಯೆ ಹಾದುಹೋಗುವ ಬಸ್ ರಸ್ತೆ ಜಿಲ್ಲಾ ಮುಖ್ಯರಸ್ತೆಯೋ ರಾಜ್ಯ ಹೆದ್ದಾರಿಯೋ ಆಗಿದ್ದರೆ ಲೋಕೋಪಯೋಗಿ ಇಲಾಖೆಯದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ, ಅದರ ತೂಬಿನಿಂದ ಹೊರಟ ಕಾಲುವೆ, ಅವುಗಳ ಏರಿ ಕಾವೇರಿ ನೀರಾವರಿ ನಿಗಮದ್ದು. ಕೆರೆಯಾದರೆ ಅಚ್ಚುಕಟ್ಟಿನ ಲೆಕ್ಕ: 40 ಹೆಕ್ಟೇರ್‌ವರೆಗಿನದು ಪಂಚಾಯತ್ ರಾಜ್ ವ್ಯವಸ್ಥೆಗೆ, ಅದಕ್ಕೂ ಮೇಲೆ 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಗೆ ಸೇರಿದ್ದು. ಬೇರೆ ಇಲಾಖೆಯ ಜಾಗದಲ್ಲಿ ಅವರ ನಿರಾಕ್ಷೇಪಣಾ ಪತ್ರವಿಲ್ಲದೆ ಪಂಚಾಯಿತಿ ಹಣ ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ, ಪಿಡಿಒ ತಲೆಗೆ ಬರುತ್ತದೆ. ಅವರು ಹಿಂದೇಟು ಹಾಕುವುದಕ್ಕೆ ಇದೂ ಒಂದು ಕಾರಣ. ಎಲ್ಲ ಸಲವೂ ಸೋಮಾರಿತನವಲ್ಲ.

ಹಿಡುವಳಿ ಜಮೀನಿನ ಅಂಚಿನಲ್ಲಿ ಚರಂಡಿ ಹಾಯಬೇಕಾದರೆ ಆ ರೈತರ ಲಿಖಿತ ಒಪ್ಪಿಗೆ ಮೊದಲೇ ಕಡತ ಸೇರಲಿ. ಬಾಯಲ್ಲಿ "ಆಯ್ತು ಮಾಡ್ಕಳಿ" ಎಂದವರು ಜೆಸಿಬಿ ಬಂದ ದಿನ ಅಡ್ಡ ಮಲಗುವುದು ಹೊಸತಲ್ಲ. ಸರ್ವೆ ನಕ್ಷೆಯಲ್ಲಿ ಹಳ್ಳವೋ ದಾರಿಯೋ ಬಿ ಖರಾಬು ಎಂದು ಕಂಡರೆ ಅದು ಸಾರ್ವಜನಿಕರದು. ಒತ್ತುವರಿಯಾಗಿದ್ದರೆ ಅಳತೆ ಮಾಡಿಸಿ ತೆರವು ಮಾಡಿಸುವುದು ತಹಶೀಲ್ದಾರರ ಕಡೆಯ ಕೆಲಸ.

ಜಾಗಕ್ಕಿಂತ ದೊಡ್ಡ ಪ್ರಶ್ನೆ, ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು. ಚರಂಡಿ ಕಟ್ಟಿದವರೆಲ್ಲ ಇದಕ್ಕೆ ಉತ್ತರ ಇಟ್ಟುಕೊಂಡಿರುವುದಿಲ್ಲ. ನಾಲೆಗೆ ಬಚ್ಚಲು ನೀರು ಬಿಡುವಂತಿಲ್ಲ. ಕೆರೆಗೆ ಬಿಟ್ಟರೆ ಎರಡೇ ವರ್ಷದಲ್ಲಿ ಅಂತರಗಂಗೆ ತುಂಬಿಕೊಳ್ಳುತ್ತದೆ. ಗದ್ದೆ ಬಯಲಿಗೆ ಬಿಟ್ಟರೆ ಕೆಳಗಿನ ಗದ್ದೆಯವರ ಜಗಳ. ಇಂಗುಗುಂಡಿ ಮಾಡೋಣವೆಂದರೆ, ಗದ್ದೆ ಬಯಲಿನ ಜಿಗುಟು ಮಣ್ಣು ನೀರು ಕುಡಿಯುವುದು ನಿಧಾನ. ನಾಲೆಯಲ್ಲಿ ನೀರು ಬಿಟ್ಟ ತಿಂಗಳುಗಳಲ್ಲಿ ಅಂತರ್ಜಲ ಮೇಲಕ್ಕೇರಿ ಗುಂಡಿಯೊಳಗೇ ನೀರು ಒಸರುತ್ತಿರುತ್ತದೆ. ಅಂಥ ಕಡೆ ಬೇಸಿಗೆಯಲ್ಲಿ ಚೆನ್ನಾಗಿ ಇಂಗಿದ ಗುಂಡಿ ಆಗಸ್ಟಿನಲ್ಲಿ ಉಕ್ಕುತ್ತದೆ. ನಾಗಮಂಗಲ, ಕೆ.ಆರ್. ಪೇಟೆಯ ಕಡೆಯ ಕೆಂಪು ಮರಳುಮಣ್ಣಿನ ಊರುಗಳಲ್ಲಿ ಮನೆಗೊಂದು ಬಚ್ಚಲು ಗುಂಡಿ ಸಲೀಸಾಗಿ ಕೆಲಸ ಮಾಡುತ್ತದೆ. ಅಲ್ಲಿ ಚರಂಡಿಯೇ ಬೇಡದ ಬೀದಿಗಳಿವೆ. ನಾಲೆ ಬಯಲಿನ ಊರಿಗೆ ಆ ಮಾದರಿಯನ್ನೇ ತಂದು ಹಾಕಿದರೆ ಗುಂಡಿಯೂ ಹೋಯಿತು, ದುಡ್ಡೂ ಹೋಯಿತು. ಇಂಥ ಕಡೆ ಚರಂಡಿಯ ಕೊನೆಯಲ್ಲಿ ಕಸ ತಡೆಯುವ ಜಾಲರಿ, ಮಣ್ಣು-ಮರಳು ಕೆಳಗಿಳಿಯುವ ತೊಟ್ಟಿ, ಆಮೇಲೆ ಜೊಂಡು, ಕಾಬಾಳೆಯಂಥ ಗಿಡ ಬೆಳೆಸಿದ ಜಲ್ಲಿಯ ಹಾಸು, ಅದರಾಚೆ ಹಳ್ಳ, ಈ ಕ್ರಮ ಹೆಚ್ಚು ಬಾಳುತ್ತದೆ. ಅದಕ್ಕೆ ಕಾಲು ಗುಂಟೆಯೋ ಅರ್ಧ ಗುಂಟೆಯೋ ಸರ್ಕಾರಿ ಜಾಗ ಬೇಕು, ಅದನ್ನು ಮೊದಲೇ ಗುರುತಿಸಿ ನಡಾವಳಿಯಲ್ಲೇ ಬರೆಸಿದರೆ ಅಂದಾಜುಪಟ್ಟಿಗೂ ಸೇರುತ್ತದೆ.

100 ಮೀಟರ್ ಚರಂಡಿಗೆ ಎಷ್ಟು ಸಿಮೆಂಟು

ಕ್ರಿಯಾ ಯೋಜನೆಗೆ ಅನುಮೋದನೆ ಸಿಕ್ಕ ಮೇಲೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಕಿರಿಯ ಇಂಜಿನಿಯರ್ ಸ್ಥಳಕ್ಕೆ ಬಂದು ಅಳತೆ ಮಾಡಿ, ಸರ್ಕಾರದ ದರಪಟ್ಟಿಯ (ಎಸ್.ಆರ್.) ಪ್ರಕಾರ ಅಂದಾಜುಪಟ್ಟಿ ಮಾಡುತ್ತಾರೆ. ಟೆಂಡರ್ ಕರೆಯುವುದನ್ನು ತಪ್ಪಿಸಲೆಂದು ಒಂದೇ ಚರಂಡಿಯನ್ನು "ಭಾಗ 1, ಭಾಗ 2" ಎಂದು ತುಂಡು ಮಾಡುವುದು ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಗೆ ವಿರುದ್ಧ. ಪಟ್ಟಿಯಲ್ಲಿ ಹಾಗೆ ಕಂಡರೆ ಗ್ರಾಮಸಭೆಯಲ್ಲೇ ಕೇಳಿ.

ಅಂದಾಜುಪಟ್ಟಿ ಸಾರ್ವಜನಿಕ ದಾಖಲೆ. ಅದನ್ನು ಓದುವುದು ಕಷ್ಟವೇನಲ್ಲ, ಗುಣಾಕಾರ ಗೊತ್ತಿದ್ದರೆ ಸಾಕು. ಒಳಗಿನ ಅಗಲ 30 ಸೆಂ.ಮೀ., ಆಳ 45 ಸೆಂ.ಮೀ., ಗೋಡೆ ದಪ್ಪ 15 ಸೆಂ.ಮೀ. ಇರುವ 100 ಮೀಟರ್ ಚರಂಡಿಯನ್ನು ತೆಗೆದುಕೊಳ್ಳಿ. ಹೊರಗಿನ ಒಟ್ಟು ಅಗಲ 60 ಸೆಂ.ಮೀ. ಕೆಳಗೆ 70 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ 1:4:8 (ಸಿಮೆಂಟು, ಮರಳು, ಜೆಲ್ಲಿ) ಹಾಸು ಹಾಕಿದರೆ 0.70 × 0.10 × 100, ಅಂದರೆ 7 ಘನ ಮೀಟರ್. ಅದರ ಮೇಲೆ ಎಂ20 ಕಾಂಕ್ರೀಟಿನ ತಳ 0.60 × 0.10 × 100, 6 ಘನ ಮೀಟರ್. ಎರಡು ಗೋಡೆ ಸೇರಿ 2 × 0.15 × 0.45 × 100, 13.5 ಘನ ಮೀಟರ್. ಎಂ20 ಒಟ್ಟು 19.5 ಘನ ಮೀಟರ್.

ಎಂ20 ಎಂದರೆ ಸಾಮಾನ್ಯ ಮಿಶ್ರಣದಲ್ಲಿ 1 ಸಿಮೆಂಟು, 1.5 ಮರಳು, 3 ಜೆಲ್ಲಿ. ಒಂದು ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು ಬೇಕು. 19.5ಕ್ಕೆ 156 ಚೀಲ. ಕೆಳಗಿನ ಹಾಸಿಗೆ ಘನ ಮೀಟರಿಗೆ ಮೂರೂವರೆ ಚೀಲದ ಹತ್ತಿರ, 7 ಘನ ಮೀಟರಿಗೆ ಸುಮಾರು 24. ಎಲ್ಲ ಸೇರಿ 180 ಚೀಲ. ಡೇರಿ ಪಕ್ಕದ ಮನೆಯವರಿಗೆ ಬೇರೇನೂ ಗೊತ್ತಾಗದಿದ್ದರೂ ಖಾಲಿ ಚೀಲ ಎಣಿಸಲು ಬರುತ್ತದೆ. 110 ಚೀಲದಲ್ಲಿ ಕೆಲಸ ಮುಗಿದಿದ್ದರೆ ಒಂದೋ ಗೋಡೆ ದಪ್ಪ ಕಡಿಮೆಯಾಗಿದೆ, ಇಲ್ಲವೇ ಮಿಶ್ರಣ ತೆಳುವಾಗಿದೆ, ಅಥವಾ ಕೆಳಗಿನ ಹಾಸನ್ನೇ ಬಿಟ್ಟಿದ್ದಾರೆ. ಹಾಸು ಮಣ್ಣಿನಡಿ ಹೋಗುವುದರಿಂದ ಅದನ್ನು ಹಾಕುವ ದಿನವೇ ನೋಡಬೇಕು. ಕೆಲಸ ಮುಗಿದ ಮೇಲೆ ಹಾರೆ ಹಿಡಿದು ಅಗೆದು ನೋಡುವವರು ಯಾರೂ ಇರುವುದಿಲ್ಲ. ರೆಡಿಮಿಕ್ಸ್ ಲಾರಿಯಲ್ಲಿ ಕಾಂಕ್ರೀಟ್ ತಂದರೆ ಚೀಲದ ಲೆಕ್ಕ ಬರುವುದಿಲ್ಲ, ಲಾರಿಯ ಚಲನ್‌ನಲ್ಲಿ ಘನ ಮೀಟರ್ ಬರೆದಿರುತ್ತದೆ.

ಸಿಮೆಂಟಿಗಿಂತ ಹೆಚ್ಚು ಚರಂಡಿಗಳನ್ನು ಕೆಡಿಸುವುದು ವಾಟ, ಅಂದರೆ ಇಳಿಜಾರು. 200 ಮೀಟರಿಗೆ 1 ಮೀಟರ್ ಇಳಿಜಾರು ಎಂದರೂ 100 ಮೀಟರಿನ ತಲೆ-ಬುಡಕ್ಕೆ 50 ಸೆಂ.ಮೀ. ವ್ಯತ್ಯಾಸ ಬೇಕು. ರಸ್ತೆಯ ಮೇಲ್ಮೈ ನೋಡಿ ಕಣ್ಣಂದಾಜಿನಲ್ಲಿ ಅಗೆದರೆ ನಡುವೆ ಎಲ್ಲೋ ಒಂದು ಕಡೆ ಎದುರು ವಾಟ ಬಂದೇ ಬರುತ್ತದೆ. ಅಲ್ಲಿ ನೀರು ನಿಂತು, ಕೆಸರು ಕೂತು, ಸೊಳ್ಳೆ ಹುಟ್ಟಿ, ಎರಡನೇ ಮಳೆಗಾಲಕ್ಕೆ ಚರಂಡಿ ಮೇಲಿಂದ ಹರಿಯುತ್ತದೆ. ಗಾರೆ ಕೆಲಸದವರ ಹತ್ತಿರ ಇರುವ ಲೆವೆಲ್ ಪೈಪ್ ಇದಕ್ಕೆ ಸಾಕು. ಪಾರದರ್ಶಕ ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ತಲೆಕಡೆಯ ಗೂಟಕ್ಕೆ, ಇನ್ನೊಂದನ್ನು 10 ಮೀಟರ್ ಮುಂದಿನ ಗೂಟಕ್ಕೆ ಹಿಡಿದು, ಎರಡೂ ಕಡೆ ನೀರಿನ ಮಟ್ಟಕ್ಕೆ ಗುರುತು ಹಾಕುತ್ತಾರೆ. ಆ ಗುರುತುಗಳಿಂದ ತಳಕ್ಕೆ ಅಳೆದಾಗ ಮುಂದಿನ ಗೂಟದಲ್ಲಿ 5 ಸೆಂ.ಮೀ. ಹೆಚ್ಚು ಬಂದರೆ ವಾಟ ಸರಿ. ಹೀಗೆ ಹತ್ತು ಸಲ. ಈ ಕೆಲಸ ಕಾಂಕ್ರೀಟ್ ಹಾಕುವ ಮುಂಚೆ, ಹಾಸು ಮುಗಿದ ದಿನ ಆಗಬೇಕು. ಚರಂಡಿಯನ್ನು ಹಳ್ಳದ ಕಡೆಯಿಂದ ಶುರು ಮಾಡಿ ಮೇಲಕ್ಕೆ ಬಂದರೆ ತಪ್ಪುವ ಸಾಧ್ಯತೆ ಕಡಿಮೆ. ಹಳ್ಳದ ತಳವೇ ಚರಂಡಿ ತಳಕ್ಕಿಂತ ಎತ್ತರವಿದ್ದರೆ ಮೊದಲ ದಿನವೇ ಗೊತ್ತಾಗುತ್ತದೆ.

ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ 10 ದಿನ. ಗೋಣಿಚೀಲ ಹೊದಿಸಿ ನೀರು ಹಾಕದಿದ್ದರೆ ಏಪ್ರಿಲ್ ಬಿಸಿಲಿಗೆ ಗೋಡೆಯ ಮೇಲಂಚು ಪುಡಿಪುಡಿಯಾಗುತ್ತದೆ. ಬೀದಿಯವರು ಒಂದೊಂದು ದಿನ ವಹಿಸಿಕೊಂಡರೆ ಯಾರಿಗೂ ಭಾರವಲ್ಲ, ಗುತ್ತಿಗೆದಾರರ ಹೊಣೆ ಅದರಿಂದ ತಪ್ಪುವುದೂ ಇಲ್ಲ.

ಊರಿನವರ ಪಾಲಿನ ಕೆಡುಕುಗಳೂ ಇವೆ. ಬೈಕು ಒಳಗೆ ತರಲು ಚರಂಡಿಗೆ ಅಡ್ಡ ಕಾಂಕ್ರೀಟ್ ಸುರಿದು ಮುಚ್ಚುವುದು, ಕೊಟ್ಟಿಗೆಯ ಸಗಣಿ ನೀರು ತಿರುಗಿಸುವುದು, ಶೌಚದ ಪೈಪನ್ನೇ ಜೋಡಿಸುವುದು. ಕಲ್ಲು ಚಪ್ಪಡಿಯಾದರೆ ಎತ್ತಿ ಬಾಚಬಹುದು, ಸುರಿದ ಕಾಂಕ್ರೀಟನ್ನು ಎತ್ತಲಾಗದು. ಅದರಡಿ ಕಟ್ಟಿಕೊಂಡ ಕಸ ಅಲ್ಲೇ ಉಳಿಯುತ್ತದೆ.

ಬಿಲ್ಲು ಮತ್ತು ಆಮೇಲೆ

ಕೆಲಸ ಮುಗಿದ ಮೇಲೆ ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಕೆಲಸದ ಮೊದಲು, ನಡುವೆ, ಕೊನೆಯಲ್ಲಿ ತೆಗೆದ ಫೋಟೊಗಳು ಕಾಮಗಾರಿಗಳ ಮೇಲೆ ನಿಗಾ ಇಡುವ ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶಕ್ಕೆ ಹೋಗುತ್ತವೆ. ಹಣಕಾಸು ಆಯೋಗದ ಹಣವಾದರೆ ಪಾವತಿ ಇ-ಗ್ರಾಮಸ್ವರಾಜ್ ಜಾಲತಾಣದ ಮೂಲಕ, ಎರಡು ಡಿಜಿಟಲ್ ಸಹಿಯ ಮೇಲೆ ನಡೆಯುತ್ತದೆ. ಆ ಜಾಲತಾಣದಲ್ಲಿ ವರ್ಷ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ಯೋಜನೆಯ ಪಟ್ಟಿ, ಖರ್ಚು ಯಾರು ಬೇಕಾದರೂ ನೋಡಬಹುದು. ಲಾಗಿನ್ ಬೇಡ. ನಿಮ್ಮ ಬೀದಿಯ ಚರಂಡಿ ಅಲ್ಲಿ ಮುಗಿದಿದೆ ಎಂದು ಕಂಡು, ಬೀದಿಯಲ್ಲಿ ಕಾಣದಿದ್ದರೆ ಆ ಪುಟವನ್ನು ಮುದ್ರಿಸಿಕೊಳ್ಳಿ.

ಅದನ್ನು ಹಿಡಿದುಕೊಂಡು ಹೋಗಬೇಕಾದ್ದು ಜಮಾಬಂದಿಗೆ. ಹಿಂದಿನ ವರ್ಷದ ಲೆಕ್ಕ, ಕಾಮಗಾರಿಗಳ ತಪಾಸಣೆಗೆಂದು ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಮೇಲಿನ ಅಧಿಕಾರಿಗಳ ಸಮ್ಮುಖದಲ್ಲಿ ನಡೆಯುವ ಸಭೆ ಇದು. ಕಡತ, ಓಚರು, ಅಳತೆ ಪುಸ್ತಕ ಎಲ್ಲ ಮೇಜಿನ ಮೇಲಿರಬೇಕು. ವಾರ್ಡ್ ಸಭೆಗೂ ಬಾರದ ಜನ ಇದಕ್ಕೆ ಬರುವುದು ಇನ್ನೂ ಕಡಿಮೆ. ಕೆಲಸದ ಜಾಗಕ್ಕೇ ಬಂದು ನೋಡಿ ಎಂದು ಅಲ್ಲಿ ಕೇಳಬಹುದು.

ಕಾಗದ ಕೊಡದಿದ್ದರೆ ಮಾಹಿತಿ ಹಕ್ಕು. ಗ್ರಾಮ ಪಂಚಾಯಿತಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಪಿಡಿಒ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಹಚ್ಚಿದರೆ ಆಯಿತು. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ, ಕಾರ್ಡಿನ ನಕಲು ಲಗತ್ತಿಸಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. "ಪಂಚಾಯಿತಿಯ ಐದು ವರ್ಷದ ಎಲ್ಲಾ ಕಾಮಗಾರಿ ಮಾಹಿತಿ ಕೊಡಿ" ಎಂದು ಬರೆದರೆ ತಿರಸ್ಕರಿಸಲು ನೀವೇ ದಾರಿ ಮಾಡಿಕೊಟ್ಟಂತೆ. "ಏಕೆ ಮಾಡಿಲ್ಲ" ಎಂದೂ ಕೇಳಬೇಡಿ, ಕಾರಣ ಹೇಳುವುದಲ್ಲ, ದಾಖಲೆ ಕೊಡುವುದು ಅವರ ಕೆಲಸ. ಹೀಗೆ ಬರೆಯಿರಿ: "2024-25ನೇ ಸಾಲಿನಲ್ಲಿ 3ನೇ ವಾರ್ಡಿನ ಡೇರಿಯಿಂದ ಹಳ್ಳದವರೆಗಿನ ಚರಂಡಿ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಪಾವತಿ ಓಚರಿನ ದೃಢೀಕೃತ ನಕಲು ಕೊಡಬೇಕು." 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ. ನಕಲಿಗೆ ಪುಟಕ್ಕೆ 2 ರೂಪಾಯಿ. ಇಷ್ಟು ಕೇಳಿದರೆ ಹತ್ತಿಪ್ಪತ್ತು ಪುಟ ದಾಟುವುದಿಲ್ಲ.